ಗ್ಯಾಲಕ್ಸಿಯ ಅಂಚಿನಲ್ಲೊಬ್ಬ ಅಳಿಯ

ಕಳೆದ ಭಾನುವಾರ ತಾಯಲೂರಿಗೆ ಹೋಗಿದ್ದೆ, ಪತ್ತೇದಾರಿಕೆಗೆ.

ಮಗಳು ಚೈತ್ರಾಗೆ ಅಲ್ಲಿಯ ಹುಡುಗನೊಬ್ಬನ ಸಂಬಂಧ ಬಂದಿದೆ. ಮುಳಬಾಗಿಲಿನ ಕಾಲೇಜಿನಲ್ಲಿ ಲೆಕ್ಚರರ್. ಬಂದು ನೋಡಿ ಹೋದ. ಇವಳಿಗೂ ಒಪ್ಪಿಗೆ. ಇಷ್ಟು ಸಾಲದೇ? ಸಾಲದು. ಹುಡುಗನ ಊರಿಗೆ ಹೋಗಿ, ಅವರ ಮನೆಯವರಿಗೆ ಗೊತ್ತಾಗದ ಹಾಗೆ ಅಕ್ಕಪಕ್ಕದಲ್ಲಿ ‘ವಿಚಾರಿಸದೆ’ ನಮ್ಮ ಕಡೆ ಯಾವ ಅಪ್ಪನೂ ಹೂಂ ಅನ್ನುವುದಿಲ್ಲ. (ನಾನಂತೂ ಕೊತ್ತಂಬರಿ ಸೊಪ್ಪು ಕೊಳ್ಳುವಾಗಲೂ ವಿಚಾರಿಸುವವನು, ನಿಮಗೆ ಗೊತ್ತಲ್ಲ.)

ಟೀ ಅಂಗಡಿಯಲ್ಲಿ ಕೇಳಿದೆ. ಆತ ಟೀ ಸೋಸುತ್ತಾ, “ಏಮೋ ಸಾರ್, ನಂಗೊತ್ತಿಲ್ಲ. ಊರಾಚೆ ತೋಟದಲ್ಲಿ ಮನೆ ಮಾಡ್ಕೊಂಡವ್ರೆ. ಅವ್ರ ಪಾಡಿಗೆ ಅವ್ರು ಇರ್ತಾರೆ” ಅಂದ. ಡೇರಿಯಲ್ಲಿ ಕೇಳಿದೆ. “ಹಾಲು ಹಾಕ್ತಾರೆ, ಹೋಗ್ತಾರೆ.” ಅಷ್ಟೇ!

ಒಳ್ಳೆಯವರು ಅನ್ನಲು ಒಬ್ಬರೂ ಸಿಗಬಾರದೇ? ಬಸ್ಸು ಕೋಲಾರ ಮುಟ್ಟುವ ಹೊತ್ತಿಗೆ ಪಾಪದ ಹುಡುಗನಿಗೆ ಇಸ್ಪೀಟಿನ ಚಟ, ಒಂದು ಕೋರ್ಟ್ ಕೇಸು ಎರಡನ್ನೂ ನಾನೇ ಅಂಟಿಸಿಯಾಗಿತ್ತು.

“ಈ ಸಂಬಂಧ ಬೇಡ,” ಎಂದೆ ಮನೆಗೆ ಬಂದವನೇ.

“ಯಾಕ್ರೀ? ಕುಡೀತಾನೆ ಅಂದ್ರಾ?” ಹೆಂಡತಿಗೆ ಗಾಬರಿ.

“ಏನೂ ಅನ್ನಲಿಲ್ಲ ಕಣೇ. ಅದೇ ಭಯ.”

ಚೈತ್ರಾಳ ಮುಖ ಸಣ್ಣಗಾಯಿತು. ಲ್ಯಾಪ್‌ಟಾಪ್ ಮುಚ್ಚಿದಳು. ಸುರುಳಿ ಗ್ಯಾಲಕ್ಸಿಯೊಂದರ ಹೊರ ಅಂಚಿನಲ್ಲಿರುವ ಅನಿಲ ಮೋಡಗಳ ಮೇಲೆ ಅವಳ ಪಿಎಚ್.ಡಿ. (ಅಲ್ಲಿಗೆ ಬಸ್ಸಿಲ್ಲ, ಇದ್ದಿದ್ದರೆ ಅಲ್ಲೂ ವಿಚಾರಿಸಿ ಬರುತ್ತಿದ್ದೆ.)

“ಅಪ್ಪ, ಆ ಮೋಡಗಳಲ್ಲಿರೋದು ಹೆಚ್ಚುಕಮ್ಮಿ ಎಲ್ಲಾ ಹೈಡ್ರೋಜನ್ನೇ. ಅಷ್ಟು ಚಳೀಲಿ ಅದು ಯಾವ ಸುಳಿವೂ ಕೊಡಲ್ಲ. ಜೊತೇಲಿ ಚೂರುಪಾರು ಕಾರ್ಬನ್ ಮಾನಾಕ್ಸೈಡ್ ಇರುತ್ತೆ. ಅದರ ರೇಡಿಯೋ ಸಿಗ್ನಲ್ ಹಿಡಿದು ಹೈಡ್ರೋಜನ್ ಎಷ್ಟಿದೆ ಅಂತ ಅಂದಾಜು ಮಾಡ್ತೀವಿ.”

“ನಾನೂ ಅದನ್ನೇ ತಾನೇ ಮಾಡಿದ್ದು?”

“ಹೂಂ. ಆದ್ರೆ ಅಂಚಿಗೆ ಹೋದಂಗೆ ಕಾರ್ಬನ್ನು, ಆಕ್ಸಿಜನ್ನು ಎರಡೂ ಕಮ್ಮಿ. ಸಿಗ್ನಲ್ ತೀರಾ ವೀಕು. ಹಂಗಂತ ಮೋಡಾನೇ ಇಲ್ಲ ಅಂದ್ಬಿಟ್ರೆ? ಅಲ್ಲೂ ನಕ್ಷತ್ರ ಹುಟ್ತವೆ ಕಣಪ್ಪ. ತೋಟದ ಮನೆಗೆ ಅಕ್ಕಪಕ್ಕದವರೇ ಇಲ್ಲ. ಅವರ ಬಗ್ಗೆ ಹೇಳೋರು ಯಾರು?”

“ಡೇರಿಗೆ ದಿನಾ ಹಾಲು ಹಾಕ್ತಾರಲ್ಲೇ?” ಎಂದೆ. (ಸೋಲುವಾಗಲೂ ನಾನು ವಿಚಾರಿಸುವವನೇ.)

“ಇನ್ನೊಂದು ಕೇಳು. ಹೈಡ್ರೋಜನ್‌ಗೆ ಬಾಯಿಲ್ಲ, ಅದಕ್ಕೇ ಪಕ್ಕದೋರನ್ನ ಕೇಳ್ತೀವಿ. ಹುಡುಗನಿಗೆ ಬಾಯಿದೆಯಲ್ಲ?”

ಹೆಂಡತಿ ಫೋನು ತಂದು ನನ್ನ ಕೈಗಿಟ್ಟಳು.

ಹುಡುಗ ನಿಧಾನವಾಗಿ, ಚೆನ್ನಾಗಿಯೇ ಮಾತಾಡಿದ. ಮದುವೆಯಾದ ಮೇಲೂ ಅವಳು ಓದು ಮುಂದುವರಿಸಲಿ, ಆ ಮೋಡಗಳ ಬಗ್ಗೆ ಕೇಳಲು ತನಗೂ ಆಸೆ ಎಂದ. ನಾನು ಹೂಂ ಅಂದುಬಿಟ್ಟೆ. ಚೈತ್ರಾ ಲ್ಯಾಪ್‌ಟಾಪ್ ತೆರೆದು ಓದುವವಳ ಹಾಗೆ ನಟಿಸಿದಳು.

ಉಳಿದಿರುವುದು ಒಂದೇ ಚಿಂತೆ. ಅವರಪ್ಪ ನನ್ನ ಬಗ್ಗೆ ವಿಚಾರಿಸಲು ಬಂದರೆ ಏನು ಗತಿ? ನಮ್ಮ ಬೀದಿಯಲ್ಲಿ ಸಿಗ್ನಲ್ ಬಹಳ ಸ್ಟ್ರಾಂಗು.