ಕಾಣದ ಕುದುರೆಯ ಸೋಲು

ಟಿವಿಯಲ್ಲಿ ಕುದುರೆ ರೇಸ್ ಬರುತ್ತಿಲ್ಲವೆಂದು ದುಮ್ಮವಾಡದಿಂದ ದೂರು ಬಂತು. ಡಿಶ್ ರಿಪೇರಿಯವನು ನಾನು, ಹೋದೆ. ನಿವೃತ್ತ ಮಾಸ್ತರರಾದ ಬಸಣ್ಣ ಕಾಕಾ ಫೋನಿನಲ್ಲಿ ಬಾಜಿ ಕಟ್ಟಿ, ಖಾಲಿ ಟಿವಿಯ ಮುಂದೆ ಕೂತಿದ್ದರು.

ಡಿಶ್ ಸರಿಯಾಗಿಯೇ ಇತ್ತು. "ರೇಸ್ ಕ್ಲಬ್ಬಿಗೂ ಚಾನೆಲ್ಲಿಗೂ ಪ್ರಸಾರದ ಹಕ್ಕಿನ ಜಗಳ ನಡದೈತ್ರಿ ಕಾಕಾ. ಅದಕ್ಕ ಸಿಗ್ನಲ್ ಬಂದ್ ಮಾಡ್ಯಾರ," ಅಂದೆ.

"ಕುದರಿ ಓಡಾಕತ್ತಾವೋ ಇಲ್ಲೋ?"

"ಓಡಾಕತ್ತಾವ್ರಿ. ತೋರ್ಸಂಗಿಲ್ಲ ಅಷ್ಟ."

ಅಷ್ಟರಲ್ಲಿ ಫೋನ್ ಟಿಂಗ್ ಅಂದಿತು. ಕಾಕಾ ಕನ್ನಡಕ ಏರಿಸಿ ಓದಿದರು. ಅವರ ಕುದುರೆ ಸೋತಿತ್ತು.

"ಬಾಜಿ ಹಿಡ್ಯಾಕ ಸಿಗ್ನಲ್ ಐತಿ, ಕುದರಿ ತೋರ್ಸಾಕ ಇಲ್ಲ! ನಾ ಸೋತೇನಂತ ಹೆಂಗ ನಂಬ್ಲಿ?" ಎಂದು ನನ್ನ ಮೇಲೆ ಹರಿಹಾಯ್ದರು. ಕ್ಲಬ್ಬಿನವರೂ ಚಾನೆಲ್ಲಿನವರೂ ದೂರ. ಬೈಸಿಕೊಳ್ಳಲು ಹತ್ತಿರ ಸಿಕ್ಕವನು ನಾನು.

ಅವರ ಹೆಂಡತಿ ಚಹಾ ತಂದಿಟ್ಟು, "ಕಣ್ಣಮುಂದ ಸೋತಾಗರ ಯಾವಾಗ ನಂಬೀರಿ?" ಎಂದರು ಗಂಡನಿಗೆ. ಆಮೇಲೆ ನನ್ನನ್ನು ಕಳಿಸಲು ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದರು: "ತಮ್ಮಾ, ಆ ಫೋನಿನ ಸಿಗ್ನಲ್ಲೂ ಹಿಂಗ ಬಂದ್ ಮಾಡಾಕ ಬರ್ತೈತೇನು?"

ಬರುವುದಿಲ್ಲ ಎಂದೆ. ಆದರೂ ಗ್ರಾಹಕರ ಅಭಿಪ್ರಾಯಕ್ಕೆಂದು ನನ್ನ ಫೋನ್ ಚಾಚಿದಾಗ ಆಕೆ ಐದಕ್ಕೆ ಐದು ಸ್ಟಾರ್ ಒತ್ತಿದರು. ಏನೂ ರಿಪೇರಿ ಮಾಡದೆ ನಾನು ಇಷ್ಟು ಹೆಸರು ಗಳಿಸಿದ್ದು ಅದೇ ಮೊದಲು.