ಟೆಂಟಿನ ಮುಂಬಾಗಿಲು

ಪರದೇಶದ ಅಲೆನ್ ಎಂಬ ಊರಿನಲ್ಲಿರುವ ನನ್ನ ಮಗಳ ಮನೆಯ ಗ್ಯಾರೇಜಿನಲ್ಲಿ ಎರಡು ಕಾರು ನಿಲ್ಲುವಷ್ಟು ಜಾಗವಿದೆ. ಒಂದು ಕಡೆ ಅಳಿಯನ ಕಾರು ನಿಲ್ಲುತ್ತದೆ, ಇನ್ನೊಂದು ಕಡೆ ಅಳಿಯನ ದೋಣಿ ಮಲಗಿರುತ್ತದೆ. ಮಗಳ ಕಾರು ಹೊರಗೆ, ಆಕಾಶದ ಕೆಳಗೆ. ಇಲ್ಲಿ ಬೇಸಿಗೆಗೆ ಮುಂಚೆ ಆಲಿಕಲ್ಲು ಬೀಳುತ್ತದೆ. ನಮ್ಮ ಕಡೆ ಮಕ್ಕಳು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಾರಲ್ಲ, ಆ ಗಾತ್ರದ್ದಲ್ಲ. ನಿಂಬೆಹಣ್ಣಿನಷ್ಟು ದಪ್ಪ. ಮಗಳ ಕಾರಿನ ಮುಂಭಾಗ ಈಗ ಪಡ್ಡು ಹುಯ್ಯುವ ಕಾವಲಿಯ ಹಾಗೆ ಕಾಣುತ್ತದೆ.

ದೋಣಿ ಎಂದರೆ ನಾನು ಚಿಕ್ಕವಳಿದ್ದಾಗ ಕಪಿಲೆಯಲ್ಲಿ ಕೂತು ದಾಟಿದ ದುಂಡನೆಯ ಹರಿಗೋಲಲ್ಲ. ಇದಕ್ಕೆ ಕನೂ ಅನ್ನುತ್ತಾರೆ. ಬಾಳೆಕಾಯಿ ಸೀಳಿ ತಿರುಳು ತೆಗೆದ ಹಾಗೆ ಉದ್ದಕ್ಕಿದೆ, ಎರಡೂ ತುದಿ ಚೂಪು. ಅಳಿಯ ಧಾರವಾಡದವರು. ಪ್ಲೇನೋದ ಆಫೀಸಿನಿಂದ ಬಂದವರೇ ಕಾಫಿ ಲೋಟ ಹಿಡಿದುಕೊಂಡು ಗ್ಯಾರೇಜಿಗೆ ಹೋಗಿ ಅದರ ಮೈ ಸವರುತ್ತಾರೆ. ಎಮ್ಮೆ ಸಾಕಿದವರೂ ಹಾಗೆ ಸವರುತ್ತಾರೆ, ಆದರೆ ಎಮ್ಮೆ ಹಾಲು ಕೊಡುತ್ತದೆ.

ಈ ದೋಣಿ ವರ್ಷಕ್ಕೊಂದು ಸಲ ನೀರು ಕಾಣುತ್ತಿತ್ತು. ಮೊದಲ ಬೇಸಿಗೆಯಲ್ಲಿ ಹೂಸ್ಟನ್ ಹತ್ತಿರದ ಯಾವುದೋ ಹಳ್ಳಕ್ಕೆ ಹೋದರು. ಎರಡು ರಾತ್ರಿ ದಡದಲ್ಲಿ ಟೆಂಟು ಹಾಕಿ ಮಲಗುವುದೆಂದು ಹೊರಟವರು ಒಂದೇ ರಾತ್ರಿಗೆ ವಾಪಸ್ ಬಂದರು. ಮಗಳು, ಅಳಿಯ, ಮೊಮ್ಮಗಳು, ಮೂವರ ಮುಖವೂ ಊದಿತ್ತು. ಅಳಿಯ ಹೂಸ್ಟನ್ನಿನ ಹವೆಯನ್ನು ಬೈದರು. ಮರು ಬೇಸಿಗೆಯಲ್ಲಿ ಆಸ್ಟಿನ್ ದಾಟಿ ಕೆಳಗೆ ಹರಿಯುವ ಕೊಲೊರಾಡೊ ನದಿಗೆ ಹೋದರು. ಅಲ್ಲಿಂದಲೂ ಒಂದೇ ರಾತ್ರಿಗೆ ವಾಪಸ್. ಆ ಸಲ ದಡದ ಹುಲ್ಲನ್ನು ಬೈದರು. ಸೊಳ್ಳೆಯನ್ನು ಮಾತ್ರ ಯಾರೂ ಬೈಯಲಿಲ್ಲ, ಅದು ತನ್ನ ಕೆಲಸ ತಾನು ಮಾಡಿತ್ತು.

ಮೂರನೆಯ ಬೇಸಿಗೆಗೆ ನಾನು ಅಲ್ಲಿದ್ದೆ. ಆ ವರ್ಷದ ಆಲಿಕಲ್ಲಿಗೆ ಕಾರಿನ ಗಾಜು ಕೂಡ ಬಿರುಕು ಬಿಟ್ಟಿತ್ತು. ಮಗಳು ಊಟದ ಮೇಜಿನ ಮುಂದೆ ತೀರ್ಪು ಕೊಟ್ಟಳು.

"ಈ ಸಲವೂ ಅರ್ಧಕ್ಕೆ ವಾಪಸ್ ಬಂದ್ರೆ ದೋಣಿ ಸೌತ್‌ಲೇಕ್ ಡಾಕ್ಟರ್ ಮನೆಗೆ ಹೋಗುತ್ತೆ ರೀ. ನಾನು ಅವ್ರಿಗೆ ಮಾತು ಕೊಟ್ಟಿದೀನಿ."

"ಡಾಕ್ಟರಿಗೆ ಈಜಾಡ್ಲಿಕ್ಕೂ ಬರಂಗಿಲ್ಲ. ದೋಣಿ ತಗೊಂಡು ಏನ್ ಮಾಡ್ತಾರ?" ಅಂದರು ಅಳಿಯ. ಸೌತ್‌ಲೇಕ್ ಇಲ್ಲಿಗೆ ಹತ್ತಿರದ ಊರು, ಡಾಕ್ಟರು ಇವರ ಪರಿಚಯದವರು.

"ಹಿತ್ತಲಲ್ಲಿಟ್ಟು ಮಣ್ಣು ತುಂಬಿ ಹೂವಿನ ಗಿಡ ಹಾಕ್ತಾರಂತೆ."

ಅಳಿಯ ತುತ್ತು ಬಾಯಿಗಿಡದೆ ಹಾಗೇ ಹಿಡಿದುಕೊಂಡರು. ಮಗಳನ್ನು ಕೊಡಿ ಎಂದು ಯಾರೋ ಅಯೋಗ್ಯನ ಕಡೆಯವರು ಬಂದು ಕೂತ ಹಾಗಿತ್ತು ಅವರ ಮುಖ.

ಮಾರನೆಯ ಬೆಳಿಗ್ಗೆ ನನ್ನ ಹತ್ತಿರ ಬಂದರು. "ಅತ್ತೀ, ಈ ಸಲ ನೀವೂ ಬರ್ರಿ. ನದಿ ಭಾಳ ಛಲೋ ಅದ. ನಿಮಗ ಗಾಳಿ ಬದಲಾದಂಗ ಆಗ್ತದ್ರಿ."

ಗಾಳಿ ಬದಲಾವಣೆಯ ಗುಟ್ಟು ನನಗೆ ಗೊತ್ತಾಗದೆ ಇರಲಿಲ್ಲ. ಅಮ್ಮ ಜೊತೆಗಿದ್ದರೆ ಮಗಳು ನಡುದಾರಿಯಲ್ಲಿ ಹಟ ಹಿಡಿಯುವುದಿಲ್ಲ ಎಂಬ ಲೆಕ್ಕ. ಮಗಳನ್ನು ಮದುವೆಯಾಗಿ ಇಷ್ಟು ವರ್ಷವಾದರೂ ಅವಳ ಹಟ ಗೊತ್ತಿಲ್ಲವಲ್ಲ ಎಂದುಕೊಂಡು ಒಪ್ಪಿದೆ. ಮನೆಯಲ್ಲಿ ಒಬ್ಬಳೇ ಕೂತು ಸೀರಿಯಲ್ ನೋಡುವುದಕ್ಕಿಂತ ಇವರನ್ನು ನೋಡುವುದು ವಾಸಿ.

ಹೊರಡುವ ಹಿಂದಿನ ದಿನ ಅಳಿಯ ಸೊಳ್ಳೆಯ ಮೇಲೆ ಯುದ್ಧದ ಸಾಮಾನು ಜೋಡಿಸಿದರು. ಮೈಗೆ ಹೊಡೆದುಕೊಳ್ಳುವ ಸ್ಪ್ರೇ, ಬಟ್ಟೆಗೆ ಹೊಡೆಯುವ ಸ್ಪ್ರೇ, ಮುಂಗೈಗೆ ಕಟ್ಟುವ ವಾಸನೆಯ ಪಟ್ಟಿ, ತಲೆಗೆ ಹಾಕುವ ಬಲೆಯ ಟೋಪಿ, ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ಬಂದ ಸೊಳ್ಳೆ ಬ್ಯಾಟು. ಹೊರಡುವ ಬೆಳಿಗ್ಗೆ ನಾನು ನನ್ನ ಯಜಮಾನರ ತುಂಬುತೋಳಿನ ಷರಟೊಂದನ್ನು ಸೀರೆಯ ಮೇಲೆ ಹಾಕಿಕೊಂಡೆ, ಕಾಲಿಗೆ ಉದ್ದನೆಯ ಸಾಕ್ಸು. ಅವರು ಹೋಗಿ ಬಹಳ ವರ್ಷವಾಯಿತು, ಷರಟು ಇನ್ನೂ ಗಟ್ಟಿಯಾಗಿದೆ. ಒಂಬತ್ತನೇ ಕ್ಲಾಸಿನ ಮೊಮ್ಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಜ್ಜಿ, ಯು ಲುಕ್ ಲೈಕ್ ಎ ಪೋಸ್ಟ್‌ಮ್ಯಾನ್," ಅಂದಳು.

"ಪೋಸ್ಟ್‌ಮ್ಯಾನಿಗೆ ನಾಯಿ ಕಚ್ಚುತ್ತೆ, ಸೊಳ್ಳೆ ಕಚ್ಚಲ್ಲ. ನೀನು ಆ ಗೇಣುದ್ದದ ಚಡ್ಡೀಲೇ ಬಾ," ಅಂದೆ.

ಹಿಂದಿನ ಸಲದ ಕೊಲೊರಾಡೊ ನದಿಯ ಹತ್ತಿರವೇ ಇನ್ನೊಂದು ಕನೂ ಬಾಡಿಗೆಗೆ ತೆಗೆದುಕೊಂಡೆವು. ಅದರಲ್ಲಿ ಮಗಳು, ಮೊಮ್ಮಗಳು. ಅಳಿಯನ ದೋಣಿಯಲ್ಲಿ ಅಳಿಯ, ನಾನು, ಸಾಮಾನು. ನನ್ನನ್ನೂ ಸಾಮಾನಿನ ಲೆಕ್ಕಕ್ಕೇ ಸೇರಿಸಿ ನಡುವೆ ಕೂರಿಸಿದರು. ನದಿ ಅಗಲವಾಗಿ, ಅವಸರವಿಲ್ಲದೆ ಹರಿಯುತ್ತಿತ್ತು. ಹಸಿರು ನೀರು, ಎರಡೂ ಕಡೆ ಮರ. ಛಲೋ ಅದ ಅಂದಿದ್ದು ಸುಳ್ಳಲ್ಲ.

ಹಗಲಿನಲ್ಲಿ ಸೊಳ್ಳೆಯಿಲ್ಲ, ನೊಣದ ಸರದಿ. ಕೊಟ್ಟಿಗೆಯಲ್ಲಿ ದನದ ಬೆನ್ನಿನ ಮೇಲೆ ಕೂತು ರಕ್ತ ಹೀರುತ್ತದಲ್ಲ, ಅದೇ ಜಾತಿ. ಮೆತ್ತಗೆ ಬಂದು ಕೂರುತ್ತದೆ, ಸೂಜಿಯಲ್ಲಿ ಚುಚ್ಚಿದ ಹಾಗೆ ಕಚ್ಚುತ್ತದೆ. ದನಕ್ಕಾದರೆ ಬಾಲವಿದೆ. ಅಳಿಯ ಹುಟ್ಟು ಹಾಕುವುದನ್ನು ಬಿಟ್ಟು ಕಾಲಿಗೆ ಹೊಡೆದುಕೊಂಡರು, ದೋಣಿ ಅಡ್ಡ ತಿರುಗಿತು. ಅದನ್ನು ನೆಟ್ಟಗೆ ಮಾಡುವಷ್ಟರಲ್ಲಿ ಕುತ್ತಿಗೆಗೆ ಕಚ್ಚಿತು, ಮತ್ತೆ ಅಡ್ಡ. ಹಾಗೆ ಅಡ್ಡಡ್ಡವಾಗಿಯೇ ಬಹಳ ದೂರ ಹೋದೆವು. ಪಕ್ಕದ ದೋಣಿಯಲ್ಲಿ ಮಗಳು ತಲೆಗೆ ಬಲೆಯ ಟೋಪಿ ಹಾಕಿದ್ದಳು. ಹಾಕಿದ್ದನ್ನು ಮರೆತು ನೀರು ಕುಡಿಯಲು ಹೋಗಿ ಬಲೆಯ ಮೂಲಕವೇ ಕುಡಿದಳು. ಮೊಮ್ಮಗಳು ನಗು ತಡೆಯಲಾರದೆ ಹುಟ್ಟನ್ನೇ ನೀರಿಗೆ ಬಿಟ್ಟಳು. ಅದನ್ನು ಹಿಡಿಯಲು ಇನ್ನೊಂದು ಸುತ್ತು.

ಸಂಜೆಗೆ ನದಿಯ ತಿರುವಿನಲ್ಲಿ ಒಂದು ಮರಳದಿಬ್ಬ ಸಿಕ್ಕಿತು. ಅಳಿಯ ಟೆಂಟು ಎಬ್ಬಿಸಿದರು. ದೊಡ್ಡ ಟೆಂಟು, ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ಎರಡಕ್ಕೂ ಜಿಪ್ಪು. ಹೊರಗೆ ಬಟ್ಟೆ, ಒಳಗೆ ಸೊಳ್ಳೆ ಬಾರದ ಜಾಲರಿ. ಆ ತಿಂಗಳು ಒಣಗಿದ ಹುಲ್ಲಿದ್ದ ಕಾರಣ ಎಲ್ಲೂ ಬೆಂಕಿ ಹಚ್ಚಬಾರದೆಂಬ ಕಟ್ಟಳೆಯಿತ್ತು, ಹಾಗಾಗಿ ಹೊಗೆಯ ಮಾತಿಲ್ಲ. ಮನೆಯಿಂದ ತಂದ ಅವಲಕ್ಕಿ ತಿಂದೆವು. ಸೂರ್ಯ ಮರದ ಹಿಂದೆ ಇಳಿದ. ನಾನು ತಟ್ಟೆಗಳನ್ನು ಮರಳು ಹಾಕಿ ತೊಳೆದು ತರಲು ನೀರಿನ ಅಂಚಿಗೆ ಹೋದೆ.

ಬಂದು ನೋಡಿದರೆ ಟೆಂಟು ಒಳಗಿನಿಂದ ಬೆಳಗುತ್ತಿದೆ. ಹಿಂಬಾಗಿಲಿನ ಜಿಪ್ಪು ಭದ್ರ. ಮುಂಬಾಗಿಲು ಜಾಲರಿಯ ಸಮೇತ ಪೂರ್ತಿ ತೆರೆದಿದೆ. ಒಳಗೆ ಮಗಳು ಪುಟ್ಟ ಪೆಟ್ಟಿಗೆಯ ಮೇಲೆ ಲಕ್ಷ್ಮಿಯ ಪಟ ಇಟ್ಟು, ಬ್ಯಾಟರಿ ದೀಪ ಹಚ್ಚಿ, ಕೈಮುಗಿದು ಕಣ್ಣು ಮುಚ್ಚಿ ಕೂತಿದ್ದಾಳೆ. ಅವಳ ತಲೆಯ ಮೇಲೆ, ದೀಪದ ಸುತ್ತ, ಪಟದ ಸುತ್ತ, ಸೊಳ್ಳೆಗಳು ಮದುವೆಮನೆಗೆ ಬಂದ ಹಾಗೆ ಬರುತ್ತಿವೆ. ಮುಂದೆ ತೆರೆದಿದೆ, ಹಿಂದೆ ಮುಚ್ಚಿದೆ. ಬಂದದ್ದು ಹೋಗುವ ಹಾಗಿಲ್ಲ.

"ಇದೇನೇ ಇದು?" ಅಂದೆ.

"ದೀಪದ ಹೊತ್ತು ಅಮ್ಮ. ಮುಂಬಾಗಿಲು ಮುಚ್ಚಬಾರದು ಅಂತ ನೀನೇ ಹೇಳ್ಕೊಟ್ಟಿದ್ದು."

"ನಾನು ಹೇಳಿದ್ದು ಹೊಸಿಲಿರೋ ಮನೆಗೆ. ಇದು ಮನೆಯಾ? ಕಡ್ಡಿ ಮೇಲೆ ಕೊಡೆ ಬಟ್ಟೆ."

"ರಾತ್ರಿ ನಾವು ಮಲಗೋ ಜಾಗ ಮನೆಯೇ."

"ಹೋಗ್ಲಿ, ಜಾಲರಿ ಆದ್ರೂ ಎಳಿ."

"ಜಾಲರಿ ಎಳೆದ್ರೆ ಬಾಗಿಲು ಹಾಕಿದ ಹಾಗೇ. ಪೂರ್ತಿ ಕತ್ತಲಾಗೋವರೆಗೆ ಹೀಗೇ ಇರ್ಲಿ."

ಹೊರಗೆ ಬ್ಯಾಟು ಬೀಸುತ್ತಿದ್ದ ಅಳಿಯನ ಕಡೆ ತಿರುಗಿದೆ. "ಪ್ರತಿ ವರ್ಷವೂ ಹೀಗೇನಾ ಅಳಿಯಂದ್ರೇ?"

"ದೀಪ ಹಚ್ಚೂ ಹೊತ್ತಲ್ರಿ ಅತ್ತೀ. ನಮ್ಮ ಅವ್ವಾನೂ ಹಿಂಗಽ ಮಾಡ್ತಾಳ." ಬ್ಯಾಟಿನಲ್ಲಿ ಚಟಚಟ ಸದ್ದಾಯಿತು. "ಆದ್ರ ಈ ಸೊಳ್ಳಿ ಎಲ್ಲಿಂದ ಬರ್ತಾವ ಅಂತನಽ ತಿಳೀವಲ್ದು."

ಸಾಫ್ಟ್‌ವೇರಿನಲ್ಲಿ ಎಲ್ಲೋ ಅಡಗಿದ ತಪ್ಪು ಹುಡುಕುವುದೇ ಇವರಿಬ್ಬರ ಉದ್ಯೋಗ. ಅದಕ್ಕೇ ಇವರಿಗೆ ಇಲ್ಲಿ ಮನೆ, ಕಾರು, ದೋಣಿ. ನಾನು ನಾಲ್ಕನೇ ಕ್ಲಾಸಿಗೆ ಪಾಟಿ ಒಡೆದು ಮನೆಗೆ ಬಂದವಳು, ಏನು ಹೇಳಲಿ. ಮೊಮ್ಮಗಳು ಮಾತ್ರ ಚಡ್ಡಿಯ ಕೆಳಗಿನ ಕಾಲನ್ನು ಪರಪರ ಕೆರೆದುಕೊಳ್ಳುತ್ತ, "ಎವ್ರಿ ಇಯರ್ ಲಕ್ಷ್ಮಿ ಕಮ್ಸ್ ವಿತ್ ಹರ್ ಹೋಲ್ ಫ್ಯಾಮಿಲಿ," ಅಂದಳು. ಅವಳಮ್ಮ ಒಳಗಿನಿಂದಲೇ ಗದರಿದಳು.

ಆ ರಾತ್ರಿಯ ವಿಷಯ ಬರೆಯುವುದು ಬೇಡ. ನಾನು ಷರಟಿನ ಕಾಲರು ಎತ್ತಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡು ನಿದ್ದೆ ಮಾಡಿದೆ. ಉಳಿದವರು ಮಾಡಲಿಲ್ಲ.

ಬೆಳಿಗ್ಗೆ ಮಗಳ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಇನ್ನೊಂದು ಕಣ್ಣಿನಲ್ಲೇ ಎಲ್ಲರನ್ನೂ ದುರುಗುಟ್ಟಿ ನೋಡಿದಳು. "ನನ್ನ ರಕ್ತ ಸಿಹಿ, ಅದಕ್ಕೇ ನನಗೇ ಜಾಸ್ತಿ ಕಚ್ಚೋದು."

"ಮಾತಲ್ಲೇನೂ ಆ ಸಿಹಿ ಕಾಣ್ಸಲ್ಲ," ಅಂದೆ.

ಅವಳು ನಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಸೇತುವೆ ಸಿಗುತ್ತದೆ, ಅಲ್ಲಿ ರಸ್ತೆ ಇದೆ, ದೋಣಿ ಬಾಡಿಗೆಗೆ ಕೊಟ್ಟವರಿಗೆ ಫೋನ್ ಮಾಡಿದರೆ ವ್ಯಾನು ತರುತ್ತಾರೆ, ಅಲ್ಲಿಗೆ ಈ ದೋಣಿಯ ಕಥೆ ಮುಗಿಯಿತು ಎಂದು ಹೇಳಿ ಟೆಂಟು ಮಡಚತೊಡಗಿದಳು. ಅಳಿಯ ತಾವೇ ಗೂಟ ಕಿತ್ತುಕೊಟ್ಟರು. ಕೊಟ್ಟ ಮಾತು ಮಾತೇ. ಆ ದಿನ ಅವರು ಎಷ್ಟು ನಿಧಾನ ಹುಟ್ಟು ಹಾಕಿದರೆಂದರೆ ತೇಲುವ ಎಲೆಗಳೂ ನಮ್ಮನ್ನು ಹಿಂದೆ ಹಾಕಿದವು. ನೊಣ ಕಾಲ ಮೇಲೆ ಕೂತು ಕಚ್ಚಿದರೂ ಹೊಡೆಯಲಿಲ್ಲ. ನನಗೆ ಅಯ್ಯೋ ಅನ್ನಿಸಲಿಲ್ಲ, ಆದರೆ ಹೂವಿನ ಗಿಡದ ಚಿತ್ರ ಕಣ್ಣಿಗೆ ಬಂತು. ಹೂವಿನ ಗಿಡಕ್ಕೆ ಹಳೆಯ ಬಕೆಟ್ಟು ಸಾಕು.

ಸೇತುವೆಯ ನೆರಳಿನಲ್ಲಿ ದೋಣಿ ದಡಕ್ಕೆ ಹತ್ತಿತು. ಮಗಳು ಫೋನ್ ಕೈಗೆ ತೆಗೆದುಕೊಂಡಳು. ನಾನು ಇಳಿಯಲಿಲ್ಲ.

"ಮನೇಲಿ ದೀಪ ಎಷ್ಟು ಗಂಟೆಗೆ ಹಚ್ತೀಯ?" ಅಂದೆ.

"ಆರೂವರೆಗೆ. ಯಾಕೆ?"

"ಈ ಬೇಸಿಗೇಲಿ ಆರೂವರೆಗೆ ಸೂರ್ಯ ಎಲ್ಲಿರ್ತಾನೆ?"

ಇಲ್ಲಿನ ಬೇಸಿಗೆಯಲ್ಲಿ ಸೂರ್ಯ ಮುಳುಗುವುದು ಎಂಟೂವರೆಗೆ. ಆರೂವರೆಗೆ ಅಲೆನ್‌ನ ಆ ಮುಂಬಾಗಿಲು ತೆರೆದರೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಆದರೂ ಮೈಸೂರಿನಲ್ಲಿ ಆರೂವರೆಗೆ ಹಚ್ಚುತ್ತಿದ್ದೆವು ಎಂದು ಇವಳು ಇಲ್ಲಿಯೂ ಗಡಿಯಾರ ನೋಡಿ, ಒಂದು ಮೀಟಿಂಗ್ ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಿ ದೀಪ ಹಚ್ಚಿ, ಬಾಗಿಲು ತೆರೆದು, ಮುಚ್ಚಿ ಬರುತ್ತಾಳೆ. ಕಾಡಿಗೆ ಬಂದಾಗ ಮಾತ್ರ ಶಾಸ್ತ್ರ ಜೋರು. ಸೂರ್ಯ ಮುಳುಗುವವರೆಗೂ ಕಾಯುತ್ತಾಳೆ.

"ಮನೇಲಿ ಸುಡೋ ಬಿಸಿಲಲ್ಲಿ ಕರೆದಾಗ ಲಕ್ಷ್ಮಿ ಬರ್ಲಿಲ್ವಾ? ವಾಪಸ್ ಹೋದ್ಲಾ? ಮನೆ ಕಟ್ಟಿಸ್ಲಿಲ್ವಾ ನೀನು? ಇಲ್ಲೂ ಆರೂವರೆಗೇ ಹಚ್ಚು. ಆಮೇಲೆ ಜಿಪ್ಪು ಎಳಿ. ಸೊಳ್ಳೆಗೆ ನಿನ್ನ ಗಡಿಯಾರ ತಿಳಿಯಲ್ಲ, ಸೂರ್ಯ ಇಳಿದ ಮೇಲೇ ಅದು ಏಳೋದು."

"ಅದು ಸರಿ ಬರಲ್ಲ ಅಮ್ಮ."

"ಯಾಕ್ ಸರಿ ಬರಲ್ಲ?"

ಅವಳು ಫೋನನ್ನು ಮತ್ತೆ ಚೀಲಕ್ಕೆ ಹಾಕಿದಳು. ಅಳಿಯ ಹುಟ್ಟಿನ ತುದಿಯನ್ನೇ ನೋಡುತ್ತಿದ್ದರು.

"ಇವತ್ತೊಂದು ರಾತ್ರಿ," ಅಂದಳು ಕೊನೆಗೆ. "ಇವತ್ತು ಕಚ್ಚಿಸ್ಕೊಂಡ್ರೆ ಸೌತ್‌ಲೇಕ್. ಆಮೇಲೆ ನನ್ನನ್ನ ಯಾರೂ ಏನೂ ಅನ್ನೋ ಹಾಗಿಲ್ಲ. ನೀನೂ ಸೇರಿ."

ಮಧ್ಯಾಹ್ನದ ಮೇಲೆ ಅಳಿಯ ಹುಟ್ಟು ಹಾಕಿದ ವೇಗಕ್ಕೆ ನನ್ನ ಷರಟೆಲ್ಲ ನೆನೆಯಿತು.

ಆ ಸಂಜೆ ಬಯಲಿನ ಮರಳಿನಲ್ಲಿ, ಇನ್ನೂ ಸುಡುವ ಬಿಸಿಲಿನಲ್ಲಿ, ಮೊಮ್ಮಗಳ ಫೋನಿನ ಗಂಟೆ ನೋಡಿ ಮಗಳು ದೀಪ ಹಚ್ಚಿದಳು. ಹಿಂಬಾಗಿಲು ಮುಚ್ಚಿತು, ಮುಂಬಾಗಿಲು ತೆರೆಯಿತು. ನಾವೆಲ್ಲ ಮರಳಿನ ಮೇಲೆ ನಿಂತು ಕೈಮುಗಿದೆವು. ಅಳಿಯ ಎಲ್ಲರಿಗಿಂತ ಹೆಚ್ಚು ಹೊತ್ತು ಮುಗಿದರು. ಆ ಬಾಗಿಲಿನಿಂದ ಒಳಗೆ ಹೋದದ್ದು ಬಿಸಿಗಾಳಿ ಮಾತ್ರ. ಲಕ್ಷ್ಮಿ ಹೋದಳೋ ಇಲ್ಲವೋ ನಾನು ನೋಡಲಿಲ್ಲ. ಸೊಳ್ಳೆ ಹೋಗಲಿಲ್ಲ, ಅದನ್ನು ನೋಡಿದೆ. ಮಗಳು ಜಿಪ್ಪು ಎಳೆದಳು. ಚಪಾತಿ, ಶೇಂಗಾ ಚಟ್ನಿಪುಡಿ, ಮೊಸರನ್ನ ಹೊರಗೇ ಕೂತು ತಿಂದು, ಸೂರ್ಯ ಮರದ ತುದಿ ಮುಟ್ಟುವ ಮುಂಚೆ ಎಲ್ಲರೂ ಒಳಗೆ ನುಸುಳಿದೆವು.

ಕತ್ತಲಾದ ಮೇಲೆ ಸೊಳ್ಳೆಗಳು ಬಂದವು. ಜಾಲರಿಯ ಆಚೆ ಕೂತು ಹಾಡಿದವು. ನಮ್ಮ ಜೊತೆ ಒಳಗೆ ನುಸುಳಿದ್ದ ಒಂದೆರಡನ್ನು ಅಳಿಯ ಹೊಡೆದು, ಮತ್ತೆ ಬ್ಯಾಟಿಗೆ ಕೆಲಸ ಸಿಗದೆ ಸ್ವಲ್ಪ ಬೇಸರಪಟ್ಟುಕೊಂಡ ಹಾಗೆ ಕಂಡರು. ಮಗಳು ಮಲಗಿದಳು. ಗೊರಕೆ ಹೊಡೆದಳು ಕೂಡ. ಬೆಳಿಗ್ಗೆ ಕೇಳಿದರೆ ಇಲ್ಲ ಅಂದಳು.

ಭಾನುವಾರ ಸಂಜೆ ಅಲೆನ್‌ಗೆ ಬಂದು ಅಳಿಯ ದೋಣಿಯನ್ನು ತೊಳೆದು, ಒರೆಸಿ, ಗ್ಯಾರೇಜಿನ ಅದೇ ಜಾಗದಲ್ಲಿ ಮಲಗಿಸಿದರು. ಮಗಳು ಸೌತ್‌ಲೇಕಿನ ಡಾಕ್ಟರಿಗೆ ಫೋನ್ ಮಾಡಿ, ಹೂವಿನ ಗಿಡಕ್ಕೆ ಬೇರೆ ಏನಾದರೂ ನೋಡಿಕೊಳ್ಳಿ ಎಂದಳು. ಆಮೇಲೆ ಹೊರಗೆ ಹೋಗಿ ತನ್ನ ಪಡ್ಡಿನ ಕಾವಲಿಯ ಮುಂದೆ ನಿಂತು ಆಕಾಶ ನೋಡಿ, ಒಳಗೆ ಬಂದಳು.

"ಅಮ್ಮ, ಊರಿಂದ ತಂದ ನಿನ್ನ ದಪ್ಪ ಕಂಬಳಿ ಇದೆಯಲ್ಲ. ಆಲಿಕಲ್ಲು ಬಂದ್ರೆ ಕಾರಿನ ಮೇಲೆ ಹೊದೆಸೋಕೆ ಬೇಕು."

"ನಾನೇನು ಹೊದ್ಕೊಳ್ಲಿ?"

"ದೋಣಿ ಉಳಿಸಿದವಳು ನೀನೇ ತಾನೆ? ಅದರ ಕೆಳಗೆ ಮಲಕ್ಕೋ."

ಕಂಬಳಿ ಕೊಟ್ಟೆ. ಅಳಿಯ ಮಾರನೆಯ ದಿನವೇ ನನಗೆ ಹೊಸದೊಂದು ರಗ್ಗು ತಂದರು, ಹಳೆಯದಕ್ಕಿಂತ ಮೆತ್ತಗಿದೆ. ಅವರ ಕಾರನ್ನು ಹೊರಗೆ ನಿಲ್ಲಿಸಿ ಹೆಂಡತಿಯ ಕಾರಿಗೆ ಜಾಗ ಬಿಡಬಹುದೆಂಬ ಯೋಚನೆ ಮಾತ್ರ ಆ ಮನೆಯಲ್ಲಿ ಇನ್ನೂ ಯಾರಿಗೂ ಹೊಳೆದಿಲ್ಲ. ನಾನೂ ಹೇಳಿಲ್ಲ. ಒಂದು ಬೇಸಿಗೆಗೆ ಒಂದು ಸಾಕು.