ಚಿಲಕ ಹಾಕಿ ಹೋದ ಮನೆ

ಚಳ್ಳಕೆರೆಯ ಆ ಬೀದಿಯಲ್ಲಿ ಸುಲೋಚನಮ್ಮನ ಬಾಯಿಗೆ ಹೆದರದವರಿಲ್ಲ. ಸೊಪ್ಪು ಮಾರುವವಳಿಂದ ಹಿಡಿದು ಕರೆಂಟಿನ ಮೀಟರ್ ಓದುವವನವರೆಗೆ ಎಲ್ಲರೂ ಆಕೆಯ ಜಗಲಿಯ ಮುಂದೆ ತಲೆ ತಗ್ಗಿಸಿಯೇ ಹೋಗುತ್ತಾರೆ. ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದ ಗಂಡ ತೀರಿಕೊಂಡ ಮೇಲೆ, ಬಂದ ಹಣದಲ್ಲಿ ಹಿತ್ತಲಲ್ಲೊಂದು ಬಾಡಿಗೆ ಮನೆ ಎಬ್ಬಿಸಿದಳು. ಗಾರೆಯವನು ಸಿಮೆಂಟಿನಲ್ಲಿ ಕೈಚಳಕ ತೋರಿಸಬಾರದೆಂದು ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಕಟ್ಟಿಸಿದ ಮನೆ ಅದು. ಅದರ ಬಾಡಿಗೆಯೇ ಆಕೆಯ ಅಕ್ಕಿ, ಬೇಳೆ, ಬಿಪಿ ಮಾತ್ರೆ.

ಆ ಬಾಡಿಗೆ ನಾಲ್ಕು ತಿಂಗಳಿಂದ ನಿಂತುಹೋಗಿತ್ತು.

ಹಿತ್ತಲ ಮನೆಯಲ್ಲಿದ್ದವಳು ದೇವಸಮುದ್ರದ ಕಡೆಯ ಗಂಗಲಕ್ಷ್ಮಿ. ಗಂಡ ಚಿಕ್ಕೀರಪ್ಪ ಸುಗ್ಗಿ ಮುಗಿದೊಡನೆ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋದರೆ ಮತ್ತೆ ಮುಖ ತೋರಿಸುವುದು ಮುಂಗಾರಿಗೇ. ಮಗಳು ರೂಪ ಪಿಯುಸಿ ಎರಡನೇ ವರ್ಷ. ಅವಳ ಓದಿಗಾಗಿಯೇ ಊರು ಬಿಟ್ಟು ಬಂದವರು. ಗಂಗಲಕ್ಷ್ಮಿ ಕಂಬಳಿ ನೇಯುವವರ ಹತ್ತಿರ ಉಣ್ಣೆ ನೂಲುತ್ತಿದ್ದಳು. ಆ ಕೂಲಿ ಊಟಕ್ಕೆ ಸಾಕು. ಬಾಡಿಗೆಗೆ ಟಗರು ಮಾರಿದ ದುಡ್ಡೇ ಆಗಬೇಕು. ಈ ಸಲ ಕುರಿಗಳಿಗೆ ರೋಗವೆಂಬ ಸುದ್ದಿಗೆ ಕೊಳ್ಳುವವರೇ ಬರಲಿಲ್ಲ. ಪಾಪ ಅನ್ನಿಸಿದರೂ ಸುಲೋಚನಮ್ಮ ಎಷ್ಟು ದಿನ ಪಾಪ ಅಂದಾಳು? ಆಕೆಯೇ ಮಾತ್ರೆಯನ್ನು ಅರ್ಧ ಮುರಿದು ನುಂಗುತ್ತಿದ್ದಳು.

ಆ ದಿನ ಮಾತ್ರೆಯ ಡಬ್ಬಿ ಖಾಲಿಯಾಯಿತು, ತಾಳ್ಮೆಯೂ ಖಾಲಿಯಾಯಿತು. ತಾಯಿ ಮಗಳು ಬೆಳಿಗ್ಗೆ ಹೊರಗೆ ಹೋಗಿದ್ದರು. ಎಂದಿನಂತೆ ಬಾಗಿಲಿಗೆ ಬರೀ ಚಿಲಕ. ಸುಲೋಚನಮ್ಮ ಪೇಟೆಗೆ ಹೋಗಿ ಹೊಸ ಬೀಗ ತಂದು ಜಡಿದಳು. ಕೀಲಿಗಳನ್ನು ಸೆರಗಿಗೆ ಗಂಟು ಹಾಕಿಕೊಂಡು, ಅದೇ ಕಾವಿನಲ್ಲಿ ವಕೀಲ ಸೋಮಶೇಖರಪ್ಪನ ಮನೆಗೆ ನಡೆದಳು.

ವಕೀಲರು ಸಮಾಧಾನವಾಗಿ ದಾರಿಗಳನ್ನು ಹೇಳಿದರು. ಬಾಕಿ ಕಟ್ಟು, ಇಲ್ಲವೇ ಖಾಲಿ ಮಾಡು ಎಂದು ಹದಿನೈದು ದಿನದ ನೋಟಿಸ್ ಕಳಿಸಬಹುದು. ಜಗ್ಗದಿದ್ದರೆ ಕೋರ್ಟಿಗೆ ಹೋಗಬಹುದು, ಆದರೆ ಅಲ್ಲಿ ಚಪ್ಪಲಿ ಸವೆಯುತ್ತದೆ. ಎದುರು ಕೂರಿಸಿಕೊಂಡು ಮಾತಾಡಿ ಕಂತು ಬರೆಸಿಕೊಳ್ಳಲೂಬಹುದು.

"ಬೀಗ ಹಾಕೋದೊಂದು ಬಿಟ್ಟು ಇದ್ರಲ್ಲಿ ಯಾವ್ದು ಬೇಕಾದ್ರೂ ಮಾಡ್ರಿ ಅಮ್ಮ. ಬೀಗ ಹಾಕಿದ್ರೆ ತಪ್ಪೆಲ್ಲ ನಿಮ್ ತಲಿಗೇ ಬರ್ತೈತೆ" ಅಂದರು.

ಸುಲೋಚನಮ್ಮ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಕಾಫಿಗೂ ನಿಲ್ಲದೆ ಆಟೋ ಹತ್ತಿದಳು.

ಹಿತ್ತಲಿಗೆ ಕಾಲಿಟ್ಟರೆ ಬೀಗ ಹಾಕಿದ ಮನೆಯೊಳಗಿಂದ 'ಮ್ಯಾ' ಅನ್ನುವ ಕೂಗು. ಸೆರಗಿನ ಗಂಟು ಬಿಚ್ಚಿ ಬೀಗ ತೆಗೆದಳು. ಮೂಲೆಯಲ್ಲಿ ಹಳೆಯ ಕಂಬಳಿಯ ಮೇಲೆ, ಹುಟ್ಟಿ ನಾಲ್ಕು ದಿನವೂ ಆಗಿರದ ಕುರಿಮರಿ. ಪಕ್ಕದಲ್ಲಿ ಖಾಲಿ ಹಾಲಿನ ಸೀಸೆ. ಮನೆಯಲ್ಲಿ ಪ್ರಾಣಿ ಗೀಣಿ ಕೂಡದು ಎಂದು ಕಟ್ಟುನಿಟ್ಟು ಮಾಡಿದವಳೇ ತನ್ನ ಮನೆಗೆ ಓಡಿ, ಕಾಫಿಗಿಟ್ಟಿದ್ದ ಹಾಲನ್ನು ಬೆಚ್ಚಗೆ ಮಾಡಿ ತಂದು ಸೀಸೆಗೆ ತುಂಬಿದಳು. ಮರಿ ಆಕೆಯ ಮಡಿಲಿಗೇ ಏರಿ ಚೀಪತೊಡಗಿತು.

ಮರಿಗೆ ಹಾಲುಣಿಸಲೆಂದು ಮಧ್ಯಾಹ್ನ ಓಡಿಬಂದ ಗಂಗಲಕ್ಷ್ಮಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ತಾಯಿ ಕುರಿ ಸತ್ತಿತ್ತು, ನಿನ್ನೆಯ ಬಸ್ಸಿನಲ್ಲಿ ಗಂಡ ಮರಿಯನ್ನು ಕಳಿಸಿಕೊಟ್ಟಿದ್ದ, ಬೈತೀರಿ ಅಂತ ಹೇಳಲಿಲ್ಲ ಎಂದು ತೊದಲಿದಳು. ಆಮೇಲೆ ಚಿಲಕದಲ್ಲಿ ನೇತಾಡುತ್ತಿದ್ದ ಬೀಗ ಅವಳ ಕಣ್ಣಿಗೆ ಬಿತ್ತು.

"ಬೀದಿನಾಯಿ ಬರ್ತಾವೆ ಅಂತ ಬೀಗ ಹಾಕಿದ್ರಾ ಅಮ್ಮ?"

ಹೂಂ ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಸುಲೋಚನಮ್ಮನ ಬಾಯಿ ಜೋರಿರಬಹುದು, ಸುಳ್ಳಿನದಲ್ಲ.

"ಇಲ್ಲ ಕಣೆ. ನಿಮ್ಮನ್ನ ಹೊರಗೆ ಹಾಕಾಕೆ ಅಂತ ಹಾಕಿದ್ದೆ."

ಗಂಗಲಕ್ಷ್ಮಿ ಬೀಗವನ್ನೊಮ್ಮೆ ಮುಟ್ಟಿ ನೋಡಿದಳು. "ಬಾಡಿಗೆ ಕೊಟ್ಟಿಲ್ಲ, ನಿಮ್ ಸಿಟ್ಟು ನ್ಯಾಯಾನೇ. ಆದ್ರೆ ಜಗಲಿ ಮ್ಯಾಲೆ ನೀವಿರ್ತೀರಲ್ಲ ಅಂತ ಒಂದಿನಾನೂ ನಾನು ಬೀಗ ಹಾಕಿದೋಳಲ್ಲಮ್ಮ."

ಆ ಮಾತು ಸುಲೋಚನಮ್ಮನ ಎದೆಗೆ ನಾಟಿತು. ಬೀಗವನ್ನೂ ಎರಡೂ ಕೀಲಿಗಳನ್ನೂ ಅವಳ ಕೈಗಿಟ್ಟು, ಇನ್ನು ಮೇಲೆ ಹಾಕಿಕೊಂಡೇ ಹೋಗು ಅಂದಳು. ಮಾರನೆಯ ದಿನ ಅವಳನ್ನು ವಕೀಲರ ಹತ್ತಿರ ಕರೆದೊಯ್ದಳು. ತಿಂಗಳಿಗೆ ಅರ್ಧ ಬಾಡಿಗೆ, ಉಳಿದದ್ದೂ ಹಳೆಯ ಬಾಕಿಯೂ ಕುರಿ ಊರಿಗೆ ಮರಳಿದ ಮೇಲೆ ಎಂದು ಬರೆಸಿದರು. ಅರ್ಧವನ್ನು ದುಡಿಯಲು ಗಂಗಲಕ್ಷ್ಮಿ ಮನೆಗೂ ಉಣ್ಣೆ ತಂದು ನೂಲಿದಳು. ಸುಲೋಚನಮ್ಮನಿಗೆ ಮಾತ್ರೆಯೂ ಬಂತು.

ಆದರೆ ಹಿತ್ತಲ ಬಾಗಿಲಲ್ಲಿ ಈಗ ದಿನವೂ ಬೀಗ. ಅದು ಕಣ್ಣಿಗೆ ಬಿದ್ದಾಗಲೆಲ್ಲ ಸುಲೋಚನಮ್ಮ ಮುಖ ತಿರುಗಿಸಿಕೊಳ್ಳುತ್ತಿದ್ದಳು. ತಾನೇ ಕೊಟ್ಟ ಬೀಗ, ಯಾರನ್ನು ಬೈಯುವುದು?

ರೂಪ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಮುಂಗಾರಿಗೆ ಚಿಕ್ಕೀರಪ್ಪ ಟಗರು ಮಾರಿದ ದುಡ್ಡಿನೊಂದಿಗೆ ಬಂದು ಬಾಕಿಯನ್ನೆಲ್ಲ ತೀರಿಸಿದ. ಸುಲೋಚನಮ್ಮ ನೋಟುಗಳನ್ನು ಎರಡೆರಡು ಸಲ ಎಣಿಸಿಕೊಂಡಳು. ಕೊಂಬು ಮೊಳೆತಿದ್ದ ಮರಿಯನ್ನು ಅವನು ಹಿಂಡಿಗೆ ಹೊಡೆದುಕೊಂಡು ಹೋಗುವಾಗ ಮಾತ್ರ, ಮಾರೀಯ, ಹುಷಾರ್ ಎಂದು ಗದರಿಸಿದಳು.

ಮಾರನೆಯ ಬೆಳಿಗ್ಗೆ ಎಲ್ಲರೂ ಹೊರಗೆ ಹೋದ ಮೇಲೆ ಆಕೆ ಹಿತ್ತಲಿಗೆ ಹೋಗಿ ನೋಡಿದಳು. ಬಾಗಿಲಲ್ಲಿ ಬೀಗವಿರಲಿಲ್ಲ, ಬರೀ ಚಿಲಕ.

ಅಂದು ಸೋಮವಾರ, ದೇವಸ್ಥಾನಕ್ಕೆ ಹೋಗುವ ದಿನ. ಸುಲೋಚನಮ್ಮ ಹೂವಿನ ಬುಟ್ಟಿಯನ್ನು ಒಳಗಿಟ್ಟು ಬಂದು, ಗಂಗಲಕ್ಷ್ಮಿ ಮನೆಗೆ ಮರಳುವವರೆಗೂ ಜಗಲಿ ಬಿಟ್ಟು ಕದಲಲಿಲ್ಲ.